ಅಕ್ಕನ ಅರವತ್ತು

ಡೊಂಬಿವಲಿ ಪೂರ್ವ
೨ ಆಗಸ್ಟ್ ೨೦೧೫, ಭಾನುವಾರ ಬೆಳಿಗ್ಗೆ

ನಿಕಿತಾ, ನನ್ನ ಮಗಳೇ,

ಆಶೀರ್ವಾದವನ್ನು ಈ ಸಲ ಪತ್ರದ ಕೊನೆಗೆ ಇಟ್ಟಿದ್ದೇನೆ. ಮೊದಲೇ ಕೊಟ್ಟರೆ ಅದನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಓದದೆ ಮಡಚಿಡುವವಳು ನೀನು. ಪೂಜಿತಾಳ ನೆಗಡಿ ಇಳಿಯಿತೇ? ಮಗುವಿನ ತಲೆಗೆ ಒದ್ದೆ ಗಾಳಿ ತಾಗಿಸಬೇಡ. ಕ್ಷೇಮ ಸಮಾಚಾರ ಇಷ್ಟು ಸಾಕು.

ಇಷ್ಟು ಹತ್ತಿರದ ಐರೋಲಿಗೆ ಪತ್ರ ಬರೆಯುವ ಹುಚ್ಚು ಏನು ಈ ಅತ್ತೆಗೆ ಎಂದು ನಿನ್ನ ಗಂಡ ಸುಜನ್ ನಗಬಹುದು. ನಗಲಿ. ಫೋನಿನಲ್ಲಿ ನಾನು ಒಂದು ವಾಕ್ಯ ಮುಗಿಸುವುದರೊಳಗೆ ನೀನು ಹಿಂದಿಯಲ್ಲಿ ಎರಡು ವಾಕ್ಯ ಹೇಳಿ ಇಟ್ಟುಬಿಡುತ್ತೀ. ಕನ್ನಡವನ್ನಾದರೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಬೇಕು. ನೀನು ಅದನ್ನು ನಾಲ್ಕನೆಯ ಕ್ಲಾಸಿನವರೆಗೆ ಕಲಿತದ್ದು ಅಷ್ಟೇ. ಆ ನಿಧಾನವೇ ನನಗೆ ಬೇಕು. ಒಂದು ಸಲವಾದರೂ ನನ್ನ ಮಾತು ಮುಗಿಯುವ ತನಕ ನೀನು ಬಾಯಿ ಮುಚ್ಚಿ ಕೂತಿರಬೇಕು.

ನಿನ್ನೆ ಬೆಳಿಗ್ಗೆ ಕಂಪನಿಯ ಗೇಟಿನಲ್ಲಿ ನನ್ನನ್ನು ನಿಲ್ಲಿಸಿದರು. ದಿನಾ ನನ್ನ ಕೈಯ ಚಾ ಕುಡಿಯುವ ವಾಚ್‌ಮನ್ ನನ್ನ ಮುಖ ನೋಡದೆ, ಗೇಟಿನ ಕಂಬಿಯನ್ನು ನೋಡಿಕೊಂಡು, "ಮಾವ್ಶಿ, ತುಮ್ಚ ಕಾರ್ಡ್ ಬಂದ್ ಝಾಲ" ಎಂದ. ಕಾರ್ಡು ಬಂದ್. ಆ ಬಣ್ಣದ ಕಂಪನಿಯ ಕ್ಯಾಂಟೀನಿನಲ್ಲಿ ಇಪ್ಪತ್ತೇಳು ವರ್ಷ ಒಲೆ ಹಚ್ಚಿದವಳು ನಾನು. ಮೂರು ವರ್ಷದ ನಿನ್ನನ್ನು ಅಕ್ಕಿ ಮೂಟೆಗಳ ಸಂದಿಯಲ್ಲಿ ಮಲಗಿಸಿ ಇಡ್ಲಿ ಹಿಟ್ಟು ತಿರುವಿದವಳು. ಜುಲೈ ತಿಂಗಳಿಗೆ ನನಗೆ ಅರವತ್ತು ತುಂಬಿತಂತೆ, ಇನ್ನು ಮನೆಗೆ ಹೋಗಬೇಕಂತೆ.

ನನಗೆ ಅರವತ್ತು ಆಗಿಲ್ಲ. ಜುಲೈ ನಡುವಿನಲ್ಲಿ ಹಿಡಿದ ಈ ಆಟಿ ತಿಂಗಳಲ್ಲಿ ನನಗೆ ಐವತ್ತೇಳು. ಇದು ನಿನಗೆ ಗೊತ್ತಿತ್ತೇ, ಗೊತ್ತಿರಲಿಲ್ಲವೇ? ಈ ಪತ್ರದಲ್ಲಿ ಇರುವುದು ಅದೊಂದೇ ಪ್ರಶ್ನೆ. ಉಳಿದದ್ದೆಲ್ಲ ಅದರ ಬಾಲ.

ನೀನು "ಗೊತ್ತಿರಲಿಲ್ಲ ಮಮ್ಮಿ" ಎಂದು ಹೇಳುವ ಮೊದಲು ನಿನ್ನ ಅಪ್ಪನನ್ನು ನೆನಪು ಮಾಡಿಕೋ. ಆ ಮನುಷ್ಯ ಇದ್ದಷ್ಟು ಕಾಲ ಊಟಕ್ಕೆ ಕೂತಾಗಲೆಲ್ಲ ಒಂದೇ ಜೋಕು: "ನಿನ್ನ ಅಮ್ಮನಿಗೆ ನಾನು ಎರಡನೆಯ ಗಂಡ ಮಾರಾಯ್ತಿ! ಮೊದಲನೆಯವನ ಮದುವೆಯಲ್ಲಿ ನಾನೇ ಹೋಗಿ ಉಂಡು ಬಂದಿದ್ದೇನೆ." ನೀನು ನಕ್ಕು ನಕ್ಕು ಗಂಟಲಿಗೆ ಅನ್ನ ಸಿಕ್ಕಿಸಿಕೊಳ್ಳುತ್ತಿದ್ದೆ. ಆ ಜೋಕಿನ ಅರ್ಥವನ್ನು ನಿನ್ನ ಅಪ್ಪ ಜಯಶೀಲರೇ ನಿನಗೆ ಹತ್ತು ಸಲ ಬಿಡಿಸಿ ಹೇಳಿದ್ದರು. ಮರೆತಿದ್ದರೆ ಇನ್ನೊಮ್ಮೆ ನಾನು ಬರೆಯುತ್ತೇನೆ.

ನನಗಿಂತ ಮೂರು ವರ್ಷ ದೊಡ್ಡವಳು ನನ್ನ ಅಕ್ಕ. ಅವಳ ಹೆಸರು ಸುಂದರಿ. ಕಾಪು ಹತ್ತಿರದ ನಮ್ಮ ಊರಿನ ಶಾಲೆಗೆ ಅವಳನ್ನು ಸೇರಿಸಿದ ವರ್ಷವೇ ಮಳೆಗಾಲದಲ್ಲಿ ಜ್ವರ ಬಂದು ಸತ್ತಳು. ಸತ್ತಳು ಎಂದು ಶಾಲೆಗೆ ಹೋಗಿ ಹೇಳಿದವರು ಯಾರೂ ಇಲ್ಲ. ಗೇಣಿ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಅಪ್ಪನಿಗೆ ಮಗಳನ್ನು ಹೂಳಲಿಕ್ಕೇ ಪುರಸೊತ್ತು ಇರಲಿಲ್ಲ, ಹೇಳಲಿಕ್ಕೆ ಎಲ್ಲಿಂದ? ನನಗೆ ಆರು ತುಂಬಿದಾಗ ಅಪ್ಪ ನನ್ನ ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋದ. ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಅಪ್ಪನ ಹೆಸರು ನೋಡಿ, "ನಿನ್ನ ಮಗಳ ಹೆಸರು ಆಗಲೇ ಉಂಟಲ್ಲ, ಬಹಳ ದಿನ ಬರಲಿಲ್ಲ, ಹೋಗಿ ಕೂರಲಿ" ಎಂದರು. ಅಪ್ಪ "ಹೌದು ಒಡೆಯಾ" ಎಂದ. ಅಷ್ಟೇ. ಮನೆಯಲ್ಲಿ ಗಂಗು ಆಗಿದ್ದವಳು ಶಾಲೆಯ ಬೆಂಚಿನ ಮೇಲೆ ಸುಂದರಿಯಾಗಿ ಕೂತೆ. ಅಕ್ಕನ ಹೆಸರು, ಅಕ್ಕನ ಹುಟ್ಟಿದ ದಿನ, ಎಲ್ಲ ನನಗೆ ಬಂತು. ಅವಳ ಲಂಗ ಹೇಗೆ ನನಗೆ ಬಂದಿತ್ತೋ ಹಾಗೆ.

ಆಮೇಲೆ ನನಗೆ ಗಂಡು ಹುಡುಕುವಾಗ ಯಾವ ಸಂಬಂಧವೂ ಕೂಡಿ ಬರಲಿಲ್ಲ. ದೊಡ್ಡವಳಿಗೆ ಆಗದೆ ಚಿಕ್ಕವಳಿಗೆ ಆಗುವುದಿಲ್ಲ, ಸತ್ತವಳು ಅಡ್ಡ ನಿಂತಿದ್ದಾಳೆ ಎಂದು ಹಿರಿಯರು ಹೇಳಿದರು. ನಮ್ಮಲ್ಲಿ ಅದಕ್ಕೂ ದಾರಿ ಉಂಟು. ಹಾಗೆಯೇ ಚಿಕ್ಕಂದಿನಲ್ಲಿ ಹೋದ ಒಬ್ಬ ಗಂಡನ್ನು ಹುಡುಕಿ, ಆಟಿ ತಿಂಗಳಲ್ಲಿ ಇಬ್ಬರಿಗೂ ಮದುವೆ ಮಾಡುವುದು. ಮುಲ್ಕಿ ಕಡೆಯ ಒಂದು ಮನೆಯಲ್ಲಿ ಮುರಾರಿ ಎಂಬ ಹುಡುಗ ಬಾವಿಗೆ ಬಿದ್ದು ಹೋಗಿದ್ದ. ಎರಡು ಮನೆಯವರೂ ಕೂತು ಮಾತಾಡಿ, ಮರದ ಗೊಂಬೆಗಳಿಗೆ ಸೀರೆ ಪಂಚೆ ಉಡಿಸಿ, ಕರಿಮಣಿ ಕಟ್ಟಿ, ಬಂದವರಿಗೆ ಎಲೆ ಹಾಕಿ ಊಟ ಬಡಿಸಿದರು. ಆ ಊಟಕ್ಕೆ ಬಂದಿದ್ದ ದೂರದ ನೆಂಟರಲ್ಲಿ ನಿನ್ನ ಅಪ್ಪನೂ ಒಬ್ಬ. ಅಲ್ಲೇ ನನ್ನನ್ನು ನೋಡಿದ್ದು. ವರ್ಷದೊಳಗೆ ನನ್ನ ಮದುವೆಯ ಕಾಗದವೂ ಅಚ್ಚಾಯಿತು, ಅದರಲ್ಲೂ ಸುಂದರಿ. ಒಂದೇ ಹೆಸರಿಗೆ ಎರಡು ಮದುವೆ. ನಿನ್ನ ಅಪ್ಪನ ಜೋಕು ಅದು.

ನೆನಪಾಯಿತೇ?

ಏಪ್ರಿಲ್‌ನಲ್ಲಿ ನಾನು ಕಂಪನಿಗೆ ಅರ್ಜಿ ಕೊಟ್ಟಾಗಲೂ ನಿನಗೆ ಹೇಳಿದ್ದೆ. ಶಾಲೆಯ ದಾಖಲೆ ತಪ್ಪು, ನನಗೆ ಇನ್ನೂ ಮೂರು ವರ್ಷ ಕೆಲಸ ಉಂಟು ಎಂದು. ಕಂಪನಿಯ ಡಾಕ್ಟರು ಹಲ್ಲು, ಮೂಳೆ ನೋಡಿ ಐವತ್ತೈದರಿಂದ ಐವತ್ತೆಂಟರೊಳಗೆ ಇರಬಹುದು ಎಂದು ಬರೆದುಕೊಟ್ಟರು. ನೌಕರರ ವಿಷಯ ನೋಡುವ ಆಫೀಸರ್ ಸರ್ವೋತ್ತಮ, ಉಡುಪಿಯವನೇ, "ಅಕ್ಕ, ನೀವು ನಿಶ್ಚಿಂತೆಯಲ್ಲಿ ಇರಿ, ಮೇಲಿನವರು ಒಪ್ಪುವ ಹಾಗೆ ಉಂಟು" ಎಂದಿದ್ದ. ಅವನ ನಾಲಗೆಯ ಬೆಲ್ಲ ನೋಡಿಯೇ ನನಗೆ ಅನುಮಾನ ಬರಬೇಕಿತ್ತು. ನಮ್ಮೂರಿನವನು ಎಂದು ಬಿಟ್ಟುಬಿಟ್ಟೆ.

ಈ ಮೂರು ವರ್ಷ ನನಗೆ ಏಕೆ ಬೇಕು ಎಂಬುದೂ ನಿನಗೆ ಗೊತ್ತು. ಕ್ಯಾಂಟೀನನ್ನು ಗುತ್ತಿಗೆಗೆ ಕೊಡಲು ಹೊರಟಾಗ ನಾವು ಹೆಂಗಸರು ಒಲೆ ಆರಿಸಿ ಗೇಟಿನ ಹೊರಗೆ ಕೂತಿದ್ದೆವಲ್ಲ. ಬಿಸಿಲಲ್ಲಿ ತಲೆ ತಿರುಗಿ ಬಿದ್ದ ಬಾಲಮ್ಮನಿಗೆ ನೀನೇ ನಿಂಬೆ ಶರಬತ್ತು ತಂದುಕೊಟ್ಟಿದ್ದೆ. ಆಗ ಆದ ಒಪ್ಪಂದ ಒಂದೇ ಸಾಲಿನದು: ಅಡುಗೆಮನೆಯ ಮೇಲ್ವಿಚಾರಕಿ ಕಂಪನಿಯ ನೌಕರಳಾಗಿ ಇರುವ ತನಕ ಗುತ್ತಿಗೆದಾರ ಒಳಗೆ ಬರಬಾರದು. ಆ ಮೇಲ್ವಿಚಾರಕಿ ನಾನು. ನಾನು ಹೊರಗೆ ಬಂದ ದಿನ ಬಾಲಮ್ಮ, ಚಂದವ್ವ, ಎಲ್ಲರೂ ಗುತ್ತಿಗೆದಾರನ ಆಳುಗಳು. ಇವತ್ತು ಇದ್ದರೆ ಇದ್ದರು, ನಾಳೆ ಬೇಡ ಎಂದರೆ ಬೇಡ. ನಾನು ಕುರ್ಚಿಗೆ ಅಂಟಿಕೊಂಡ ಮುದುಕಿ ಅಲ್ಲ ನಿಕಿತಾ. ಬಾಗಿಲಿಗೆ ಅಡ್ಡ ಇಟ್ಟ ಕಲ್ಲು ನಾನು. ಆ ಕಲ್ಲನ್ನು ಸರಿಸಲು ಅವರಿಗೆ ಇಷ್ಟು ವರ್ಷ ಆಗಿರಲಿಲ್ಲ. ಒಂದು ಕೇಕಿನಿಂದ ಆಯಿತು.

ಜೂನ್ ಕೊನೆಗೆ ನಿನ್ನ ಫೋನು ಬಂತು. "ಮಮ್ಮಿ, ಈ ಸಲ ನಿನ್ನ ಬರ್ತ್‌ಡೇ ಮುಂಬ್ರಾದ ಜಲಪಾತದಲ್ಲಿ. ಟ್ರೆಕಿಂಗ್ ಮಾಡ್ಕೊಂಡು ಮೇಲೆ ಹೋಗೋದು. ನಾ ಮತ್ ಬೋಲ್‌ನಾ." ಬೇಡ ಎನ್ನಬಾರದಂತೆ. ನಾನು ಕೇಳಿದೆ, "ಯಾವ ಬರ್ತ್‌ಡೇ ಮಾರಾಯ್ತಿ?" ನೀನು, "ಬಡಾವಾಲಾ!" ಎಂದೆ. ದೊಡ್ಡದು. ಎಷ್ಟನೆಯದು ಎಂದು ಬಾಯಿ ಬಿಡಲಿಲ್ಲ. ಜುಲೈ ಹನ್ನೆರಡು ಅಕ್ಕನ ದಿನ, ಅದನ್ನು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಆಚರಿಸಿದ್ದಿಲ್ಲ. ಆಟಿಯಲ್ಲಿ ಒಂದು ದಿನ ನಿನ್ನ ಅಪ್ಪ ಕಲ್ಯಾಣದ ಹೋಟೆಲಿನಿಂದ ಕಡಲೆಬೇಳೆ ಪಾಯಸ ಕಟ್ಟಿಸಿಕೊಂಡು ಬಂದರೆ ಅದೇ ನನ್ನ ಹುಟ್ಟುಹಬ್ಬ. ಇದೆಲ್ಲ ಗೊತ್ತಿದ್ದೂ ನಾನು ಏಕೆ ಒಪ್ಪಿಕೊಂಡೆ?

ಏಕೆಂದರೆ ನೀನು ಒಂದು ಹಳೆಯ ಮಾತನ್ನು ನೆನಪಿಟ್ಟಿದ್ದೆ. ನೀನು ಒಂದನೆಯ ಕ್ಲಾಸಿನಲ್ಲಿದ್ದಾಗ ಲೋಕಲ್ಲಿನಲ್ಲಿ ಠಾಣೆಗೆ ಹೋಗುತ್ತಿದ್ದೆವು. ಮುಂಬ್ರಾ ದಾಟಿದ ಮೇಲೆ ಗುಡ್ಡದ ಮೈಮೇಲೆ ನೀರು ಬಿಳಿ ಎಳೆ ಎಳೆಯಾಗಿ ಇಳಿಯುತ್ತಿತ್ತು. ನಿನ್ನನ್ನು ಕಿಟಕಿಗೆ ಎತ್ತಿ ಹಿಡಿದು ಹೇಳಿದ್ದೆ, ಒಂದು ದಿನ ಆ ನೀರಿನ ಕೆಳಗೆ ತಲೆ ಕೊಟ್ಟು ನಿಲ್ಲಬೇಕು, ಒಲೆಯ ಬಿಸಿ ಎಲ್ಲ ಇಳಿದು ಹೋಗುವ ತನಕ ಎಂದು. ಆ ಮಾತನ್ನು ಇಷ್ಟು ವರ್ಷ ಇಟ್ಟುಕೊಂಡು ನೀನು ಫೋನಿನಲ್ಲಿ ಹೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಕಣ್ಣಲ್ಲಿ ನೀರು ಬಂದವಳಿಗೆ ಎದುರಿನ ಗುಂಡಿ ಕಾಣುವುದಿಲ್ಲ.

ನೀನು ಚಂದವ್ವನನ್ನೂ ಬಾಲಮ್ಮನನ್ನೂ ಕರೆದಿದ್ದೆ. ಖುಷಿಯಾಯಿತು. ಬೈಪಾಸ್ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ಸುಜನ್ ಮಗುವಿನ ಜೊತೆ ಕೆಳಗೇ ಉಳಿದ. ಹತ್ತಬೇಕು ಎನ್ನುವಾಗ ಜೋಳ ಸುಡುವವನ ಮರೆಯಿಂದ ಕೊಡೆ ಹಿಡಿದುಕೊಂಡು ಸರ್ವೋತ್ತಮ ಬಂದ. "ಅಕ್ಕ, ಊರಿನವರ ಹುಟ್ಟುಹಬ್ಬ ಅಂದ ಮೇಲೆ ಬಾರದಿರಲಿಕ್ಕೆ ಆಗ್ತದಾ?" ಎಂದ. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ನಮ್ಮ ಕ್ಯಾಂಟೀನಿನ ಬೆಂಚಿನ ಮೇಲೆ ಕೂತು ಉಣ್ಣದವನು, ಊಟವನ್ನು ಮೇಲಿನ ಕೋಣೆಗೆ ತರಿಸಿಕೊಳ್ಳುವವನು. ನಾನು ನಿನ್ನ ಮುಖ ನೋಡಿದೆ. ನೀನು ಕೇಕಿನ ಡಬ್ಬಿಯ ದಾರ ಬಿಗಿಯುತ್ತಿದ್ದೆ. ಅವನ ನಂಬರು ನಿನಗೆ ಎಲ್ಲಿಂದ ಬಂತು? ನಾನು ಕೊಟ್ಟಿಲ್ಲ.

ಹತ್ತುವಾಗ ಚಂದವ್ವ ನನ್ನ ಸೊಂಟಕ್ಕೆ ಕೈಕೊಟ್ಟು ತಳ್ಳುತ್ತಾ ಬಂದಳು. ಅವಳ ವಿಜಯಪುರದ ಬಾಯಿ ನಿನಗೆ ಗೊತ್ತಲ್ಲ. "ಏ ಅಕ್ಕಾರ, ದೊಡ್ಡ ಹಂಡೆ ಎತ್ತಾಕ ಬರ್ತೈತಿ, ನಿಮ್ಮನ್ನ ಎತ್ತಾಕ ಆಗವಲ್ದು!" ಎಂದು ಕೂಗಿದಾಗ ಅಲ್ಲಿ ಸೆಲ್ಫಿ ತೆಗೆಯುತ್ತಿದ್ದ ಹುಡುಗರೂ ನಕ್ಕರು. ಬಾಲಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಪಾಚಿಯ ಮೇಲೆ ಏಡಿಯ ಹಾಗೆ ಅಡ್ಡ ಅಡ್ಡ ನಡೆದಳು. ಸರ್ವೋತ್ತಮ ಒಂದು ಸಲ ಜಾರಿ ಕೂತ. ಬಿಳಿ ಪ್ಯಾಂಟಿನ ಹಿಂಬದಿ ಕೆಂಪು ಕೆಸರು. ಚಂದವ್ವ ನನ್ನ ಕಿವಿಯಲ್ಲಿ, "ಇವತ್ತ ನೋಡ್ರಿ, ಸಾಹೇಬ್ರಿಗೂ ನಮ್ಮ ಕಂಪನಿ ಬಣ್ಣ ಹತ್ತೇತಿ" ಎಂದಳು. ನಾನು ಎಷ್ಟು ನಕ್ಕೆ! ಮೇಲೆ ಹೋಗಿ ತಿರುಗಿ ನೋಡಿದರೆ ಕೆಳಗೆ ಸಮುದ್ರದ ಹಿನ್ನೀರಿನ ಖಾಡಿ, ಅದರ ಅಂಚಿನಲ್ಲಿ ಲೋಕಲ್ ಗಾಡಿ ಹೋಗುತ್ತಿತ್ತು. ಆ ಕಿಟಕಿಯಲ್ಲಿ ಯಾವಳೋ ಒಬ್ಬಳು ಮಗುವನ್ನು ಎತ್ತಿ ಹಿಡಿದು ನಮ್ಮನ್ನು ತೋರಿಸುತ್ತಿರಬಹುದು ಎಂದುಕೊಂಡೆ.

ನೀರಿನ ಕೆಳಗೆ ಹೋಗುವ ಮೊದಲು ನೀನು ಕೈ ಚಾಚಿದೆ. "ಚಷ್ಮಾ ಕೊಡು ಮಮ್ಮಿ, ನೀರಲ್ಲಿ ಹೋಗಿಬಿಡ್ತದೆ." ಕೊಟ್ಟೆ. ನೀರು ತಲೆಯ ಮೇಲೆ ಬಿದ್ದಾಗ, ನಿಕಿತಾ, ಸುಳ್ಳು ಹೇಳುವುದಿಲ್ಲ, ನನ್ನ ಜನ್ಮದಲ್ಲಿ ಅಷ್ಟು ಸುಖ ನಾನು ಪಟ್ಟಿಲ್ಲ. ಬೆನ್ನಿನ ಮೇಲೆ ಯಾರೋ ಗುದ್ದಿ ಗುದ್ದಿ ವರ್ಷಗಳ ಆಯಾಸವನ್ನು ಬಿಡಿಸಿದ ಹಾಗೆ. ಬಾಲಮ್ಮ ನನ್ನ ಕೈ ಹಿಡಿದು ಕಿರುಚುತ್ತಿದ್ದಳು. ನೀರಿನ ಪರದೆಯ ಆಚೆ ನೀವಿಬ್ಬರು ಮಾತ್ರ ಬಂಡೆಯ ಹತ್ತಿರ ಇದ್ದಿರಿ. ನೀನು ಬಗ್ಗಿ ಕೇಕಿನ ಡಬ್ಬಿ ಬಿಚ್ಚುತ್ತಿದ್ದೆ, ಅವನು ನಿನ್ನ ಮೇಲೆ ಕೊಡೆ ಹಿಡಿದು ಏನೋ ಹೇಳುತ್ತಿದ್ದ. ಚಷ್ಮಾ ಇಲ್ಲದ ನನ್ನ ಕಣ್ಣಿಗೆ ನೀವು ಎರಡು ಮಸುಕು ಬಣ್ಣ. ಒಂದು ಸಲ ನೀನು ತಲೆ ಅಲ್ಲಾಡಿಸಿದ್ದು ಮಾತ್ರ ಕಂಡಿತು. ಹೌದು ಎಂದೋ, ಬೇಡ ಎಂದೋ, ನನಗೆ ತಿಳಿಯಲಿಲ್ಲ.

ಹೊರಗೆ ಬಂದು ಚಷ್ಮಾ ಕೇಳಿದೆ. "ಮೊದಲು ಕೇಕ್, ಕ್ಯಾಂಡಲ್ ಆರಿಹೋಗ್ತದೆ" ಎಂದೆ ನೀನು. ಎರಡು ಬೆಂಕಿಯ ಚುಕ್ಕೆ ಕಂಡವು, ಊದಿದೆ. ಸರ್ವೋತ್ತಮ, "ಅಕ್ಕ, ಸ್ವಲ್ಪ ಈಚೆ ತಿರುಗಿ, ನಗಿ" ಎಂದ. ನಕ್ಕೆ. ಕೇಕು ತಿಂದೆ. ಕೆಳಗೆ ಕಾರಿನ ಹತ್ತಿರ ಬಂದ ಮೇಲೆ ನೀನು ಚಷ್ಮಾ ಕೊಟ್ಟೆ.

ಹಿಂದಿನ ಸೋಮವಾರ ನನ್ನ ಅರ್ಜಿಯ ತೀರ್ಮಾನ ಎಂದು ಮೇಲೆ ಕರೆದರು. ಮೇಜಿನ ಮೇಲೆ ದೊಡ್ಡದಾಗಿ ಪ್ರಿಂಟ್ ಮಾಡಿದ ಫೋಟೋ. ಹಿಂದೆ ಜಲಪಾತ, ಎದುರಿಗೆ ಕೇಕು, ಕೇಕಿನ ಮೇಲೆ ಅಂಗೈಯಷ್ಟು ದೊಡ್ಡ ಆರು, ಅದರ ಪಕ್ಕ ಸೊನ್ನೆ. ನಡುವೆ ಒದ್ದೆ ಕೂದಲಿನ ಒಬ್ಬ ಹೆಂಗಸು ಹಲ್ಲು ಕಿರಿಯುತ್ತಿದ್ದಾಳೆ. ಅದನ್ನು ನೀನು ಫೇಸ್‌ಬುಕ್ಕಿಗೂ ಹಾಕಿದ್ದೆಯಂತೆ, ಅರವತ್ತರ ಶುಭಾಶಯ ಮಮ್ಮಿ ಎಂದು ಬರೆದು. ಸಾಹೇಬರು ಕೇಳಿದರು, "ಯೇ ಆಪ್ ಹೀ ಹೈ ನಾ?" ನಾನೇ ಎಂದೆ. ಇನ್ನೇನು ಹೇಳಲಿ? "ಖುಷಿಯಿಂದ ಅರವತ್ತು ಆಚರಿಸಿಕೊಂಡಿದ್ದೀರಿ, ಇಲ್ಲಿ ಬಂದು ಐವತ್ತೇಳು ಅಂತೀರಿ." ಸರ್ವೋತ್ತಮ ಬಾಗಿಲಲ್ಲಿ ನಿಂತು ನಮ್ಮ ಭಾಷೆಯಲ್ಲಿ ಮೆಲ್ಲಗೆ ಹೇಳಿದ, "ಫೋಟೋ ಚಂದ ಬಂದಿದೆ ಅಲ್ವಾ ಅಕ್ಕ?"

ಕೆಳಗೆ ಬಂದು ಚಂದವ್ವನನ್ನು ಹಿಡಿದು ಕೇಳಿದೆ, ನೀನು ನೋಡಿದ್ದೆಯಾ ಎಂದು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ನೋಡೀನ್ರಿ ಅಕ್ಕಾರ. ಆರು ಸೊನ್ನಿ ನನಗೂ ಓದಾಕ ಬರ್ತೈತಿ. ಅಲ್ಲೇ ಕೇಳಬೇಕಂದೆ. ಹೆತ್ತ ಮಗಳು ಇಟ್ಟಾಳ, ನಾ ಯಾರು ನಡುವ ಬಾಯಿ ಹಾಕಾಕ ಅಂತ ಸುಮ್ನಾದೆ." ಹೆತ್ತ ಮಗಳು ಎಂಬ ಆ ಎರಡು ಶಬ್ದ ಕೇಳಿದ ಮೇಲೆ ನನಗೆ ಫೋಟೋದ ನೋವು ಕಡಿಮೆಯಾಯಿತು. ಬೇರೆ ನೋವು ಬಂತು.

ಸಂಜೆ ನಿನಗೆ ಫೋನು ಮಾಡಿದೆ. ನೀನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಕಾಗದದ ಮೇಲೆ ಅದು ಹೇಗೆ ಕಾಣುತ್ತದೆ ನೋಡು. "ಅರೇ ಮಮ್ಮಿ, ಕೇಕ್ ಹೀ ತೋ ಹೈ! ತುಮ್ ಹರ್ ಚೀಜ್ ಮೇ ಪಾಲಿಟಿಕ್ಸ್ ದೇಖ್ತೀ ಹೋ." ಬರೀ ಕೇಕಂತೆ. ನಾನು ಎಲ್ಲದರಲ್ಲೂ ರಾಜಕೀಯ ಹುಡುಕುತ್ತೇನಂತೆ. ಹುಡುಕುತ್ತೇನೆ ಮಗಳೇ. ಬೇಳೆಯಲ್ಲಿ ಕಲ್ಲು ಹುಡುಕಿ ಹುಡುಕಿ ನನ್ನ ಕಣ್ಣು ಹಾಳಾದದ್ದು. ಒಂದು ಕಲ್ಲು ಸಿಕ್ಕ ಮೇಲೆ ಇಡೀ ಮೊರವನ್ನು ಮತ್ತೆ ಕೇರುವುದು ನನ್ನ ಅಭ್ಯಾಸ.

ಕೇರಿದೆ. ಮೇ ತಿಂಗಳಲ್ಲಿ ನಿನ್ನ ಮನೆಗೆ ಬಂದಾಗ ಆ ಚಿಕ್ಕ ಕೋಣೆಯಲ್ಲಿ ಹೊಸ ಮಂಚ ಇತ್ತು. ಕಪಾಟು ಖಾಲಿ ಮಾಡಿ ಒರೆಸಿಟ್ಟಿದ್ದಿರಿ. ಬಚ್ಚಲಲ್ಲಿ ನಾನು ಹಚ್ಚುವ ತಲೆಯೆಣ್ಣೆ, ಮಂಚದ ಕೆಳಗೆ ನನ್ನ ಅಳತೆಯ ಚಪ್ಪಲಿ. ಮಗಳಿಗೆ ಎಷ್ಟು ಪ್ರೀತಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ. ನೀನು, "ಮಮ್ಮಿ, ನನ್ನ ರಜೆ ಮುಗಿದ ಮೇಲೆ ಪೂಜಿತಾನ್ನ ನೀನೇ ನೋಡ್ಕೊಂಡರೆ ಎಷ್ಟು ಒಳ್ಳೇದು" ಎಂದಾಗ ನಾನು, ಮೂರು ವರ್ಷ ಬಿಟ್ಟು ಬರುತ್ತೇನೆ ಎಂದೆ. ಸುಜನ್ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದ, "ನೋಡುವ ಅತ್ತೆ, ಅರ್ಜಿ ಏನಾಗ್ತದೆ ಅಂತ. ನೀವೂ ರೆಸ್ಟ್ ತಗೊಳ್ಳಬೇಕಲ್ಲ." ನಾಳೆ ಸೋಮವಾರ ನಿನ್ನ ಹೆರಿಗೆ ರಜೆ ಮುಗಿಯುತ್ತದೆ. ಮೊನ್ನೆ ಶುಕ್ರವಾರ ನನ್ನ ನೌಕರಿ ಮುಗಿಯಿತು. ಇಬ್ಬರ ದಿನವೂ ಎಷ್ಟು ಸರಿಯಾಗಿ ಕೂಡಿಬಂತು! ಅಕ್ಕನ ಮದುವೆಗೂ ಇಷ್ಟು ಚೆನ್ನಾಗಿ ಮುಹೂರ್ತ ಕೂಡಿರಲಿಲ್ಲ.

ಪೂಜಿತಾಳನ್ನು ಎತ್ತಿಕೊಂಡರೆ ನನ್ನ ಎದೆ ಹಾಲು ಕುಡಿಸಿದ ದಿನಗಳ ಹಾಗೆ ಬಿಸಿಯಾಗುತ್ತದೆ. ಅದನ್ನು ನಿನಗೆ ಹೇಳಬೇಕೇ? ಆದರೆ ಅಜ್ಜಿಯ ಪ್ರೀತಿಯನ್ನು ಬಿಟ್ಟಿ ಚಾಕರಿ ಮಾಡಿಕೊಳ್ಳುವವರ ವಿರುದ್ಧವೂ ನಾನು ಕೂಗುವವಳೇ. ಆ ಚಾಕರಿಯಲ್ಲಿ ಭಾನುವಾರವೂ ಇಲ್ಲ, ಸಂಘವೂ ಇಲ್ಲ. ನಿನ್ನ ಗಾಜಿನ ಕಟ್ಟಡದ ಕಂಪನಿಯಲ್ಲಿ ಸಾವಿರ ಹೆಂಗಸರಿದ್ದೀರಿ, ಮಕ್ಕಳನ್ನು ಬಿಡಲು ಒಂದು ಕೋಣೆ ಕೇಳಲು ನಿಮ್ಮಲ್ಲಿ ಒಬ್ಬಳಿಗೂ ಬಾಯಿ ಇಲ್ಲ. ಅವರನ್ನು ಕೇಳಲು ಹೆದರಿಕೆ, ಅಮ್ಮನ ಕೆಲಸ ತೆಗೆಸಲು ಹೆದರಿಕೆ ಇಲ್ಲ. ನೀನು ಕೇಳು, ಗೇಟಿನ ಹೊರಗೆ ಬೋರ್ಡು ಹಿಡಿದು ಕೂರಲು ನಾನು ಬರುತ್ತೇನೆ. ಪೂಜಿತಾಳನ್ನೂ ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ.

ಬರೆಯುತ್ತಾ ಸಿಟ್ಟು ಏರಿತು. ಎದ್ದು ನೀರು ಕುಡಿದು ಬಂದೆ.

ನಿನ್ನೆ ಗೇಟಿನಿಂದ ನಾನು ಮನೆಗೆ ಬರಲಿಲ್ಲ. ನೇರ ಕಲ್ಯಾಣಕ್ಕೆ ಹೋದೆ, ಕಮಲಾಕ್ಷನ ಹತ್ತಿರ. ಅಕ್ಕನಿಗೆ ಕಟ್ಟಿದ ಮುರಾರಿಯ ಒಡಹುಟ್ಟಿದ ತಮ್ಮ, ಸ್ಟೇಷನ್ನಿನ ಹತ್ತಿರದ ವೆಜ್ ಹೋಟೆಲಿನ ಗಲ್ಲೆಯಲ್ಲಿ ಕೂರುವವನು. ನಿನ್ನ ಅಪ್ಪನ ತಿಥಿಗೂ ಬಂದಿದ್ದ. ಈ ಭೂಮಿಯ ಮೇಲೆ ನನ್ನನ್ನು ನನ್ನ ಹೆಸರಿನಿಂದ ಕರೆಯುವವನು ಈಗ ಅವನೊಬ್ಬನೇ. "ಏನು ಗಂಗಕ್ಕ, ಆಟಿ ಬಂದ ಕೂಡಲೇ ನಮ್ಮ ನೆನಪಾಯಿತಾ? ಹೋದವರಿಗೆ ಬಡಿಸುವ ದಿನ ಇಟ್ಟಿರಾ?" ಎಂದ. ಬಡಿಸಲಿಕ್ಕಲ್ಲ, ಸಾಕ್ಷಿಗೆ ಕರೆಯಲು ಬಂದೆ ಎಂದು ಎಲ್ಲ ಹೇಳಿದೆ. ಈ ಪ್ರೇತ ಮದುವೆಯ ವಿಷಯವನ್ನು ಏಪ್ರಿಲ್‌ನಲ್ಲೇ ಹೇಳದೆ ನುಂಗಿಕೊಂಡಿದ್ದೆ. ಇಂಗ್ಲಿಷ್ ಸಾಹೇಬರ ಎದುರು ಗೊಂಬೆ ಮದುವೆಯ ಮಾತೆತ್ತಲು ನಾಚಿಕೆ. ಕಮಲಾಕ್ಷನಿಗೆ ಯಾವ ನಾಚಿಕೆಯೂ ಇಲ್ಲ. ಗಿರಾಕಿಗಳು ಕಾಯುತ್ತಿದ್ದರೂ ಗಲ್ಲೆ ಮುಚ್ಚಿ ಎದ್ದು ನಿಂತ. "ನಮ್ಮ ಅತ್ತಿಗೆ ಸತ್ತದ್ದಕ್ಕೆ ಸಾಕ್ಷಿ ಬೇಕಾ ಅವರಿಗೆ? ಸತ್ತವಳು ಅಂತ ಗೊತ್ತಿದ್ದೇ ಅಲ್ವಾ ನಾವು ಅವಳನ್ನು ಮನೆ ತುಂಬಿಸಿಕೊಂಡದ್ದು! ಬದುಕಿದ್ದ ಹೆಣ್ಣನ್ನು ನಮ್ಮ ಮುರಾರಿಯಣ್ಣನಿಗೆ ಯಾರು ಕೊಡ್ತಿದ್ದರು ಗಂಗಕ್ಕ? ನಾನು ಬರ್ತೇನೆ. ಊರಿನಿಂದ ಇನ್ನಿಬ್ಬರನ್ನೂ ಕರೆಸ್ತೇನೆ." ಆಮೇಲೆ ನನಗೆ ಕಾಫಿ ಕೊಟ್ಟು, ಅತ್ತಿಗೆಯ ತಂಗಿ ಬಂದಿದ್ದಾರೆ ಎಂದು ಮಾಣಿಯನ್ನು ಕರೆದು ಪರಿಚಯ ಮಾಡಿಸಿದ.

ಅಲ್ಲಿಂದ ಯೂನಿಯನ್ನಿನ ವಕೀಲರ ಹತ್ತಿರ ಹೋದೆ, ಅವರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಬರೆದುಕೊಂಡರು. ಸುಂದರಿ ಎಂಬವಳು ಬೇರೆ ಇದ್ದಳು, ಚಿಕ್ಕಂದಿನಲ್ಲೇ ಸತ್ತಳು, ಸತ್ತವಳೆಂದೇ ಎರಡು ಕುಟುಂಬ ಸೇರಿ ಮದುವೆ ಮಾಡಿತು ಎಂಬುದನ್ನು ಉಂಡವರೇ ಬಂದು ಹೇಳಿದರೆ ತಳ್ಳಿಹಾಕಲು ಕಷ್ಟ ಎಂದರು. ಈ ವಾರ ಯೂನಿಯನ್ನು ಕೊಟ್ಟ ದೂರಿಗೆ ಇದೇ ಹದಿನೇಳು, ಸೋಮವಾರ, ಕಲ್ಯಾಣದ ಕಾರ್ಮಿಕ ಕಚೇರಿಯಲ್ಲಿ ಹಾಜರಾಗಬೇಕು. ಒಂದೇ ತೊಡಕು, ಆ ಫೋಟೋ. ಅದನ್ನು ಬೀಳಿಸಲು ಕಮಲಾಕ್ಷನಿಂದ ಆಗುವುದಿಲ್ಲ. ಮೇಣದಬತ್ತಿ ಇಟ್ಟವಳೇ ಬಂದು, ನನ್ನ ಅಮ್ಮನಿಗೆ ಅರವತ್ತಲ್ಲ, ಅಮ್ಮ ಆ ಅಂಕಿಯನ್ನು ನೋಡಿಯೇ ಇಲ್ಲ, ಚಷ್ಮಾ ನನ್ನ ಕೈಯಲ್ಲಿತ್ತು ಎಂದು ಹೇಳಬೇಕು.

ಹೇಳುತ್ತೀಯಾ?

ಹೇಳಿದರೆ ನಿನ್ನ ಚಿಕ್ಕ ಕೋಣೆಯ ಮಂಚ ಖಾಲಿ ಉಳಿಯುತ್ತದೆ ಎಂದು ಗೊತ್ತು. ಸುಜನ್ ಮುಖ ಊದಿಸಿಕೊಳ್ಳಬಹುದು. ನಿನ್ನ ಕೆಲಸಕ್ಕೆ ತೊಂದರೆಯಾಗಬಹುದು, ಅದನ್ನು ನಾನು ಹಗುರವಾಗಿ ಬರೆಯುತ್ತಿಲ್ಲ. ಹೆಣ್ಣಿನ ಕೈಯಿಂದ ಕೆಲಸ ಜಾರಿದರೆ ಹೇಗಿರುತ್ತದೆ ಎಂಬುದನ್ನು ನಿನ್ನೆ ಗೇಟಿನ ಹೊರಗೆ ನಿಂತು ನೋಡಿದ್ದೇನೆ. ಹೇಳದೆ ಹೋದರೆ ಏನಾಗುತ್ತದೆಂದೂ ಬರೆಯುತ್ತೇನೆ. ನಾನು ಐರೋಲಿಗೆ ಬರುವುದಿಲ್ಲ. ಇಲ್ಲೇ ಡೊಂಬಿವಲಿಯಲ್ಲಿ ಯಾರದ್ದಾದರೂ ಮನೆಯಲ್ಲಿ ಚಪಾತಿ ಲಟ್ಟಿಸಿ ಬದುಕುತ್ತೇನೆ. ಪೂಜಿತಾಳನ್ನು ನೋಡಲು ತಿಂಗಳಿಗೊಮ್ಮೆ ಬರುತ್ತೇನೆ, ಚಾ ಕುಡಿದು ಎದ್ದು ಹೋಗುತ್ತೇನೆ. ಆ ಮಂಚದ ಮೇಲೆ ಕೂರುವುದೂ ಇಲ್ಲ. ಬೆದರಿಕೆ ಎಂದುಕೊಳ್ಳಬೇಡ. ನನ್ನ ಮನಸ್ಸು ನನಗೆ ಗೊತ್ತು, ಅದು ಒಮ್ಮೆ ಒಲೆ ಆರಿಸಿ ಹೊರಗೆ ಬಂದರೆ ಸುಲಭವಾಗಿ ಒಳಗೆ ಹೋಗುವುದಿಲ್ಲ.

ಈ ಆಟಿಯಲ್ಲಿ ಅಕ್ಕನಿಗೆ ಎಲೆ ಹಾಕಿ ಬಡಿಸಬೇಕು. ಪಾಪದ ಕೂಸು, ತನ್ನ ಹೆಸರನ್ನು ನನಗೆ ಕೊಟ್ಟು ಹೋದಳು, ತನ್ನ ವರ್ಷಗಳನ್ನೂ ಕೊಟ್ಟಳು. ಅವಳಿಗೆ ಅರವತ್ತು ತುಂಬಿದ್ದಂತೂ ಸತ್ಯ. ಅವತ್ತು ಗುಡ್ಡದ ಮೇಲೆ ನಾವೆಲ್ಲ ಉಂಡದ್ದು ಅವಳ ಕೇಕು ಎಂದುಕೊಂಡರೆ ಸ್ವಲ್ಪ ಸಮಾಧಾನವಾಗುತ್ತದೆ. ಬದುಕಿದ್ದರೆ ಅವಳೂ ಆ ನೀರಿನ ಕೆಳಗೆ ನಿಂತು ನನ್ನ ಹಾಗೆ ಕಿರುಚುತ್ತಿದ್ದಳು.

ಹದಿನೇಳಕ್ಕೆ ಬರುವುದಾದರೆ ಮಗುವನ್ನು ಎತ್ತಿಕೊಂಡೇ ಬಾ. ನೀನು ಒಳಗೆ ಹೋಗಿ ಮಾತಾಡುವಾಗ ನಾನು ಹಿಡಿದುಕೊಳ್ಳುತ್ತೇನೆ. ಅವಳ ಟೊಪ್ಪಿ ಮರೆಯಬೇಡ.

ಇಲ್ಲಿಯ ತನಕ ಓದಿದ್ದರೆ ಆಶೀರ್ವಾದ ನಿನ್ನದು. ಚೆನ್ನಾಗಿರು. ಬೆನ್ನು ನೇರ ಇಟ್ಟುಕೊಂಡು ಬದುಕು.

ನಿನ್ನ ಅಮ್ಮ,
ಗಂಗು

ಸಹಿ ಹಾಕಿದ ಮೇಲೆ ಇನ್ನೊಂದು ಮಾತು. ಅವತ್ತು ಉಳಿದ ಕೇಕು, ಕಾಗದದ ತಟ್ಟೆ ಎಲ್ಲ ತುಂಬಿಸಿ ನೀನು ನನಗೆ ಕೊಟ್ಟ ಕೈಚೀಲದ ತಳದಲ್ಲಿ ಎರಡು ಮೇಣದಬತ್ತಿ ಇದ್ದವು. ಒಂದು ಐದು, ಒಂದು ಏಳು. ಮನೆಗೆ ಬಂದು ಅದನ್ನು ನೋಡಿ ನಾನು ಎಷ್ಟು ಹಿಗ್ಗಿದೆ ಗೊತ್ತೇ? ಚಷ್ಮಾ ಇಲ್ಲದೆ ಊದಿದ್ದು ಇದನ್ನೇ, ನನ್ನ ಮಗಳಿಗೆ ನನ್ನ ವಯಸ್ಸು ಗೊತ್ತು ಎಂದು ದೇವರ ಗೂಡಿನಲ್ಲಿ ಇಟ್ಟೆ. ಸೋಮವಾರ ಆ ಫೋಟೋ ನೋಡಿ ಬಂದ ಮೇಲೆ ಮತ್ತೆ ಕೈಗೆ ತೆಗೆದುಕೊಂಡೆ. ಬತ್ತಿಯ ದಾರ ಬೆಳ್ಳಗಿದೆ, ಬೆಂಕಿ ಕಂಡೇ ಇಲ್ಲ. ಆದರೆ ಎರಡರ ಬುಡದಲ್ಲೂ ಕೇಕಿನ ಕ್ರೀಮು ಒಣಗಿ ಅಂಟಿಕೊಂಡಿದೆ. ಮೊದಲು ನೀನು ಚುಚ್ಚಿದ್ದು ಇವನ್ನೇ. ಆಮೇಲೆ ಕಿತ್ತದ್ದು. ಹಾಗಾಗಿ ಗೊತ್ತಿತ್ತೇ ಎಂಬ ಪ್ರಶ್ನೆಗೆ ಉತ್ತರ ಈ ಪತ್ರ ಶುರು ಮಾಡುವ ಮೊದಲೇ ನನ್ನ ಹತ್ತಿರ ಇತ್ತು. ನನಗೆ ಬೇಕಾದದ್ದು ಇಷ್ಟೇ: ಕಿತ್ತ ಕೈ ಯಾರದ್ದು? ಕೊಡೆ ಹಿಡಿದವನು ಕೀಳಿಸಿದ್ದಾದರೆ ಹದಿನೇಳಕ್ಕೆ ನೇರ ಕಲ್ಯಾಣಕ್ಕೆ ಬಾ. ನೀನೇ ಕಿತ್ತದ್ದಾದರೆ ಅದಕ್ಕೂ ಮೊದಲು ಮನೆಗೆ ಬಾ. ನೀನೇ ಬಂದು ಹಚ್ಚಲಿ ಎಂದು ಎರಡನ್ನೂ ತೊಳೆಯದೆ ಹಾಗೆಯೇ ಇಟ್ಟಿದ್ದೇನೆ. ಬೆಂಕಿಪೆಟ್ಟಿಗೆ ನನ್ನ ಹತ್ತಿರ ಉಂಟು.